ಕೂದಲು, ಬಾಚಣಿಗೆ ಮತ್ತು ಕರಾವಳಿಯ ತೇವ

ಪೊಳಲಿ ಬಂಟ್ವಾಳ ತಾಲ್ಲೂಕಿನಲ್ಲಿ ಫಲ್ಗುಣಿ ನದಿಯ ದಂಡೆಯ ಮೇಲಿರುವ ಊರು. ಇಲ್ಲಿನ ರಾಜರಾಜೇಶ್ವರಿ ದೇವಾಲಯದ ಜಾತ್ರೆ ಮಾರ್ಚ್ ನಡುವೆ, ಮೀನ ಸಂಕ್ರಮಣದ ಹೊತ್ತಿಗೆ ಆರಂಭವಾಗಿ ಸುಮಾರು ಒಂದು ತಿಂಗಳು ನಡೆಯುತ್ತದೆ. ‘ಪೊಳಲಿ ಚೆಂಡು’ ಎಂಬ ಚೆಂಡಾಟ ಅದರ ವಿಶೇಷ. ಈ ಜಾತ್ರೆಯಲ್ಲಿ ಕೊಂಡ ಬಲೂನನ್ನು ಮಗುವೊಂದು ತನ್ನ ತಲೆಗೆ ಉಜ್ಜಿ ಗೋಡೆಗೆ ಹಚ್ಚಿದರೆ ಅದು ಬಹುಮಟ್ಟಿಗೆ ಜಾರಿ ಬೀಳುತ್ತದೆ. ಅದೇ ತಿಂಗಳಲ್ಲಿ ಕಲಬುರಗಿಯ ಮನೆಯೊಂದರಲ್ಲಿ ಅಂಥದೇ ಬಲೂನು ಗೋಡೆಗೆ ಅಂಟಿ ನಿಲ್ಲುತ್ತದೆ. ಉಜ್ಜಿದ ಮಗುವಿನ ಕೂದಲೂ ಸೆಟೆದು ನಿಲ್ಲುತ್ತದೆ.

ಕರಾವಳಿಯ ಶಾಲಾ ಶಿಕ್ಷಕರಿಗೆ ಇದು ಬರೀ ಆಟದ ವಿಷಯವಲ್ಲ. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿಯುವ ಪ್ರಯೋಗ ಪಠ್ಯದಲ್ಲಿದೆ. ಚೂರುಗಳು ಮೇಲೇಳದಿದ್ದರೂ ‘ಆಕರ್ಷಿತವಾದವು’ ಎಂದೇ ಮಕ್ಕಳು ಬರೆಯುತ್ತಾರೆ! ಕಾಣದ್ದನ್ನು ಕಂಡೆವೆಂದು ಬರೆಯುವ ಅಭ್ಯಾಸ ಇಂಥಲ್ಲೇ ಶುರುವಾಗುತ್ತದೆ. ಹಾಗಾದರೆ ಪ್ರಯೋಗ ತಪ್ಪೇ? ಇಲ್ಲ. ಅದು ಹುಟ್ಟಿದ ಹವೆ ಬೇರೆ.

ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಪ್ರಕಟಿಸಿದ ‘ಡಿ ಮ್ಯಾಗ್ನೆಟೆ’ ಗ್ರಂಥದಲ್ಲೇ ಈ ಸುಳಿವಿದೆ. ಉಜ್ಜಿದ ಅಂಬರು, ಗಾಜು, ಗಂಧಕ ಮುಂತಾದವು ಹಗುರ ವಸ್ತುಗಳನ್ನು ಸೆಳೆಯುವುದನ್ನು ಆತ ಪರೀಕ್ಷಿಸಿದ್ದ. ಗಾಳಿ ಒಣಗಿದ್ದಾಗ ಸೆಳೆತ ಬಲವಾಗಿಯೂ ತೇವವಿದ್ದಾಗ ದುರ್ಬಲವಾಗಿಯೂ ಇರುವುದನ್ನು ಆತ ಗಮನಿಸಿದ್ದ. ಬಾಯಿಯ ಉಸಿರು ತಾಗಿದರೂ ಅಂಬರಿನ ಶಕ್ತಿ ಕುಂದುತ್ತಿತ್ತು. ಪೊಳಲಿಯ ಬಲೂನಿನ ಕಥೆ ಅಲ್ಲೇ ಇದೆ ಎನ್ನಬಹುದು.

ಮುಂದೆ ಸ್ಟೀಫನ್ ಗ್ರೇ 1729ರಲ್ಲಿ ವಿದ್ಯುತ್ತನ್ನು ಹರಿಯಗೊಡುವ ಮತ್ತು ತಡೆಯುವ ವಸ್ತುಗಳ ಭೇದವನ್ನು ಕಂಡುಕೊಂಡ. ಮರುವರ್ಷ ಹುಡುಗನೊಬ್ಬನನ್ನು ದಾರಗಳಿಂದ ತೂಗುಹಾಕಿ, ಉಜ್ಜಿದ ಗಾಜಿನ ಕೊಳವೆಯನ್ನು ಬಳಿ ತಂದು, ಅವನ ದೇಹ ಹಗುರ ಚೂರುಗಳನ್ನು ಸೆಳೆಯುವಂತೆ ಮಾಡಿದ. ಆವೇಶ ಎರಡು ಬಗೆ ಎಂದು ಫ್ರಾನ್ಸಿನ ದ್ಯುಫೆ 1733ರಲ್ಲಿ ತೋರಿಸಿದ. ಯಾವುದರಿಂದ ಯಾವುದನ್ನು ಉಜ್ಜಿದರೆ ಯಾವುದಕ್ಕೆ ಯಾವ ಆವೇಶ ಎಂಬ ಮೊದಲ ಪಟ್ಟಿಯನ್ನು ಸ್ವೀಡನ್ನಿನ ವಿಲ್ಕೆ 1757ರಲ್ಲಿ ಮಾಡಿದ. ಇಂದಿನ ಇಂಥ ಪಟ್ಟಿಗಳಲ್ಲಿ ಕೂದಲು ಧನ ತುದಿಯ ಕಡೆಗಿದೆ, ಪ್ಲಾಸ್ಟಿಕ್ಕುಗಳು ಹೆಚ್ಚಾಗಿ ಋಣ ತುದಿಯ ಕಡೆಗೆ. ಬಾಚಿದಾಗ ಕೂದಲಿನ ಎಳೆಗಳೆಲ್ಲ ಧನಾವೇಶ ಪಡೆದು ಒಂದನ್ನೊಂದು ವಿಕರ್ಷಿಸುತ್ತವೆ. ತಲೆ ಕೆದರುವುದು ಅದಕ್ಕೇ.

ರಾಬರ್ಟ್ ಸಿಮ್ಮರ್ ಎಂಬಾತನ ಕಥೆ ಇನ್ನೂ ಸ್ವಾರಸ್ಯದ್ದು. ಬಿಳಿ ಮತ್ತು ಕಪ್ಪು ರೇಷ್ಮೆ ಕಾಲುಚೀಲಗಳನ್ನು ಒಂದರ ಮೇಲೊಂದು ತೊಟ್ಟು, ಕಳಚುವಾಗ ಅವು ಚಟಚಟನೆ ಸದ್ದು ಮಾಡುವುದನ್ನೂ, ಬೇರ್ಪಡಿಸಿದೊಡನೆ ಒಳಗೆ ಕಾಲಿದೆಯೋ ಎಂಬಂತೆ ಉಬ್ಬುವುದನ್ನೂ ಈತ ನೋಡಿದ. ಆ ವೀಕ್ಷಣೆಯನ್ನು 1759ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಜನ ನಕ್ಕರು. ನಮ್ಮ ಪಾಲಿಯೆಸ್ಟರ್ ಅಂಗಿ ಚಳಿಗಾಲದಲ್ಲಿ ಮಾಡುವ ಸದ್ದೂ ಇದೇ.

ತೇವದಲ್ಲಿ ಈ ಆವೇಶ ಎಲ್ಲಿ ಹೋಗುತ್ತದೆ? ‘ಒದ್ದೆ ಗಾಳಿ ವಾಹಕ, ಅದರ ಮೂಲಕ ಸೋರುತ್ತದೆ’ ಎಂದು ನಾವು ಪಾಠ ಹೇಳುವುದುಂಟು. ಇದು ಸರಿಯಲ್ಲ. 1785ರಲ್ಲಿ ಆವೇಶದ ಸೋರಿಕೆಯನ್ನು ಅಳೆದ ಕೂಲಂಬ್ ಗಾಳಿಯನ್ನೂ ಆಧಾರದ ಅವಾಹಕವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ. ಆವಿಯಿಂದ ಕೂಡಿದ ಗಾಳಿಯೂ ಒಳ್ಳೆಯ ಅವಾಹಕವೇ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಖಚಿತವಾಯಿತು. ನಿಜವಾದ ದಾರಿ ವಸ್ತುವಿನ ಮೇಲ್ಮೈ. ತೇವದ ಹವೆಯಲ್ಲಿ ಗಾಜು, ಕೂದಲು, ಬಾಚಣಿಗೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂರುತ್ತದೆ. ಅದರಲ್ಲಿ ಕರಗಿದ ಲವಣದ ಅಯಾನುಗಳು ಆವೇಶವನ್ನು ಸಾಗಿಸುತ್ತವೆ. ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ತನ್ನ ವಿದ್ಯುನ್ಮಾಪಕದೊಳಗೆ ಗಂಧಕಾಮ್ಲವಿಟ್ಟು ಒಳಗನ್ನು ಒಣಗಿಸುತ್ತಿದ್ದುದು ಈ ಕಾರಣಕ್ಕೆ. ಹೀಗೆ ಒಣಗಿಸಿ, ಆಧಾರವನ್ನೂ ಉತ್ತಮಪಡಿಸಿದ ಮೇಲೂ ಸ್ವಲ್ಪ ಸೋರಿಕೆ ಉಳಿಯಿತು! ಅದರ ಬೆನ್ನು ಹತ್ತಿದ ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ ಮೇಲೇರಿ ವಿಶ್ವಕಿರಣಗಳನ್ನು ಕಂಡುಹಿಡಿದ. ಪೊಳಲಿ ಜಾತ್ರೆಯ ಬಲೂನಿಗೂ ಹೆಸ್‌ನ ಬಲೂನಿಗೂ ಇಷ್ಟರಮಟ್ಟಿಗೆ ನಂಟು.

ಕೂದಲಿಗೂ ನೀರಿಗೂ ಇರುವ ನಂಟನ್ನು ಅಳತೆಗೆ ತಂದವನು ಜಿನೀವಾದ ಸೊಸ್ಯೂರ್. ಮನುಷ್ಯನ ಕೂದಲನ್ನೇ ಬಳಸಿದ ಆರ್ದ್ರತಾಮಾಪಕವನ್ನು ಆತ 1783ರ ಗ್ರಂಥದಲ್ಲಿ ವಿವರಿಸಿದ. ಪೂರ್ತಿ ಒಣಗಿದ ಕೂದಲು ಪೂರ್ತಿ ತೇವಗೊಂಡಾಗ ಸುಮಾರು ಶೇಕಡ 2.5ರಷ್ಟು ಉದ್ದವಾಗುತ್ತದೆ, ತನ್ನ ತೂಕದ ಸುಮಾರು ಶೇಕಡ 30ರಷ್ಟು ನೀರನ್ನು ಹೀರುತ್ತದೆ. ಉಪಕರಣಕ್ಕೆ ಬಳಸುವ ಮೊದಲು ಸೊಸ್ಯೂರ್ ಕೂದಲನ್ನು ಸೋಡದ ದ್ರಾವಣದಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ. ಒಣಗಾಳಿಯಲ್ಲಿ ನೀರು ಕಳೆದುಕೊಂಡ ಕೂದಲಿನ ವಿದ್ಯುತ್ ರೋಧ ಸಾವಿರಾರು ಪಟ್ಟು ಏರುತ್ತದೆ.

ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಬಂಟ್ವಾಳದ ಕಡೆ ಕೂದಲಿಗೆ ಈ ಪರಿಸ್ಥಿತಿ ಅಪರೂಪ. ಅದರ ಮೇಲೆ ತೆಂಗಿನೆಣ್ಣೆ, ದಾಸವಾಳದ ಸೊಪ್ಪಿನ ಗೊಂಪು. ಎಣ್ಣೆ ವಾಹಕವಲ್ಲ ಎಂಬುದನ್ನು ಮರೆಯಬಾರದು. ಅದು ಬಾಚಣಿಗೆಗೂ ಕೂದಲಿಗೂ ನಡುವಿನ ಘರ್ಷಣೆಯನ್ನು ತಗ್ಗಿಸುತ್ತದೆ. ಹೀಗಾಗಿ ಆವೇಶ ಹುಟ್ಟುವುದೇ ಕಡಿಮೆ. ಗೊಂಪಿನ ಲೋಳೆಯಾದರೋ ನೀರನ್ನು ಹಿಡಿದಿಡುವ ಶರ್ಕರಾಸರಪಳಿಗಳದು. ಮರದ ಬಾಚಣಿಗೆಯೂ ತೇವ ಹೀರುವಂಥದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೆಲ್ಯುಲಾಯ್ಡ್, ಅನಂತರ ಇತರ ಪ್ಲಾಸ್ಟಿಕ್ಕುಗಳು ಬಂದು ಕೊಂಬು ಮತ್ತು ಮರದ ಬಾಚಣಿಗೆಗಳನ್ನು ಮೂಲೆಗೆ ತಳ್ಳಿದವು. ಆಗಲೇ ತಲೆ ಕೆದರುವ ಕಾಟ ಮನೆಮನೆಯದಾಯಿತು.

ಈಗ ಊರುಬಿಟ್ಟು ಬೆಂಗಳೂರಿಗೋ ಕೊಲ್ಲಿ ನಾಡುಗಳಿಗೋ ಹೋದ ಕರಾವಳಿಯವರಿಗೆ ಎ.ಸಿ. ಕೋಣೆಯಲ್ಲಿ ಇದು ಹೊಸ ಅನುಭವ. ಎ.ಸಿ. ಗಾಳಿಯನ್ನು ತಣಿಸುವಾಗ ಅದರೊಳಗಿನ ನೀರನ್ನೂ ಹಿಂಡಿ ಹೊರಹಾಕುತ್ತದೆ. ಶಾಂಪೂ ಜಿಡ್ಡನ್ನು ತೊಳೆದಿರುತ್ತದೆ. ಸೊಸ್ಯೂರನ ಸೋಡ ಮಾಡಿದ ಕೆಲಸವೇ ಅದು. ಇದಕ್ಕೆ ಕಂಡೀಷನರ್ ಉತ್ತರ. ಅದರಲ್ಲಿ ಧನಾವೇಶದ ತಲೆ, ಕೊಬ್ಬಿನ ಉದ್ದ ಬಾಲವುಳ್ಳ ಅಣುಗಳಿವೆ. ನೀರಿನಲ್ಲಿ ನೆನೆದ ಕೂದಲಿನ ಮೇಲ್ಮೈ ಸಾಮಾನ್ಯವಾಗಿ ಋಣಾವೇಶದ್ದಾದ್ದರಿಂದ ತಲೆ ಅದಕ್ಕೆ ಅಂಟುತ್ತದೆ, ಬಾಲ ಹೊರಚಾಚಿ ಮೇಲ್ಮೈಯನ್ನು ನುಣುಪಾಗಿಸುತ್ತದೆ. ಘರ್ಷಣೆ ತಗ್ಗುತ್ತದೆ, ಹುಟ್ಟಿದ ಆವೇಶ ಬೇಗ ಸೋರುತ್ತದೆ. ಅವಸರಕ್ಕೆ ಒದ್ದೆ ಅಂಗೈಯನ್ನು ತಲೆಯ ಮೇಲೆ ಆಡಿಸಿದರೂ ಸಾಕು. ಲೋಹದ ಬಾಚಣಿಗೆಯಾದರೆ ಆವೇಶ ಕೈಯ ಮೂಲಕ ಹರಿದುಹೋಗುತ್ತದೆ.

ತರಗತಿಯಲ್ಲಿ ಬೇಕಾದದ್ದು ಇದರ ತದ್ವಿರುದ್ಧ. ಎಣ್ಣೆ ಹಚ್ಚದ ತಲೆ ಬೇಕು. ಬಾಚಣಿಗೆ, ಕಾಗದದ ಚೂರು ಎರಡನ್ನೂ ಬಿಸಿಲಿನಲ್ಲೋ ಉರಿಯುವ ಬಲ್ಬಿನ ಬಳಿಯೋ ಕೆಲವು ನಿಮಿಷ ಬೆಚ್ಚಗೆ ಮಾಡಬೇಕು. ಸುತ್ತಲಿನ ಗಾಳಿಗಿಂತ ಬೆಚ್ಚಗಿರುವ ಮೇಲ್ಮೈಯ ಮೇಲೆ ನೀರಿನ ಪದರ ಸುಲಭವಾಗಿ ಕೂರದು. ಬೆಚ್ಚಗಿರುವಾಗಲೇ ಉಜ್ಜಿ ತಡಮಾಡದೆ ತೋರಿಸಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ ಇಷ್ಟು ಮಾಡಿಯೂ ಚೂರುಗಳು ಮೇಲೇಳದಿದ್ದರೆ ‘ಏಳಲಿಲ್ಲ’ ಎಂದೇ ಮಕ್ಕಳಿಂದ ಬರೆಸಿ, ದಿನಾಂಕ ಹಾಕಿಸಿ, ಜನವರಿಯ ಒಂದು ಒಣ ಮಧ್ಯಾಹ್ನ ಅದೇ ಬಾಚಣಿಗೆಯೊಂದಿಗೆ ಮತ್ತೆ ಮಾಡಿಸಬಹುದು.