ಅಗ್ಗಿಷ್ಟಿಕೆಯ ಮರ ಹಾಡಿದಾಗ

1963ರಲ್ಲಿ ಲಂಡನ್ ಬಳಿಯ ಫೆಲ್ಟಮ್‌ನಲ್ಲಿದ್ದ 16ರ ಹುಡುಗ ಬ್ರಯಾನ್ ಮೇಗೆ ಎಲೆಕ್ಟ್ರಿಕ್ ಗಿಟಾರ್ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. ಎಲೆಕ್ಟ್ರಾನಿಕ್ಸ್ ಬಲ್ಲ ತಂದೆ ಹೆರಾಲ್ಡ್ ಜೊತೆ ಮನೆಯಲ್ಲೇ ಮಾಡಲು ಕುಳಿತ. ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಮರ ಗಿಟಾರಿನ ಕುತ್ತಿಗೆಯಾಯಿತು. ಹುಳು ಕೊರೆದ ತೂತಿಗೆ ಬೆಂಕಿಕಡ್ಡಿ ತುರುಕಿದ್ದಾಯಿತು. ಬೆರಳಿಡುವ ಪಟ್ಟಿಯ ಮೇಲಿನ ಚುಕ್ಕೆಗಳು ಅಮ್ಮನ ಚಿಪ್ಪಿನ ಗುಂಡಿಗಳು. ತಂತಿಗಳ ಎಳೆತಕ್ಕೆ ಎದುರಾಗಿ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು. ಸ್ವರ ಕಂಪಿಸುವ ಸನ್ನೆಕೋಲಿನ ತುದಿಗೆ ಹೆಣಿಗೆ ಕಡ್ಡಿಯ ತುಂಡು! ಕೆಲಸ ಮುಗಿಯಲು ಸುಮಾರು ಎರಡು ವರ್ಷ ಬೇಕಾಯಿತು.

ಮುಂದೆ ‘ಕ್ವೀನ್’ ತಂಡದ ಗುರುತಿನ ದನಿಯಾದದ್ದು ಇದೇ ವಾದ್ಯ. ವಿಚಿತ್ರವೆಂದರೆ, ಮಗ ಖಗೋಳವಿಜ್ಞಾನದ ಸಂಶೋಧನೆ ಬಿಟ್ಟು ಗಿಟಾರನ್ನೇ ನೆಚ್ಚಿ ಹೊರಟಾಗ ಅದನ್ನು ಜೊತೆಗೂಡಿ ಕಟ್ಟಿದ ತಂದೆಯೇ ಒಪ್ಪಲಿಲ್ಲ. ಅರ್ಧಕ್ಕೇ ನಿಂತಿದ್ದ ಆ ಪ್ರಬಂಧವನ್ನು ಮುಗಿಸಿ ಮೇ ಡಾಕ್ಟರೇಟ್ ಪಡೆದದ್ದು 2007ರಲ್ಲಿ.