ಯಾವೂರು ನಿಮ್ದು? (ನಮ್ಮ ಸೀಮೆ ಕಥೆ, ಭಾಗ 6)

ರಾಯಚೂರಿನ ಕಾಲೇಜಿನಾಗ ಮೊದಲ ದಿನ ಎಲ್ಲರಿಗೂ ಬೀಳೋ ಪ್ರಶ್ನೆ ಇದೇ, ಹೌದಲ್ಲೋ? ನಾನು "ದೇವದುರ್ಗ" ಅಂದೆ, ಅಲ್ಲಿಗೆ ಮುಗೀತು. ಪಕ್ಕದವ "ಮಾನ್ವಿ" ಅಂದ. "ಊರಾಗೋ, ಕ್ಯಾಂಪಿನಾಗೋ?" "ಕ್ಯಾಂಪ್." "ಹಂಗಾದ್ರ ನೀವು ಆಂಧ್ರದವ್ರು ಬಿಡು." ಅವ ನಕ್ಕು ಸುಮ್ಮನಾದ.

ಹಂಗಂದವ ನಾನೇ. ಅದಕ್ಕೇ ಇವತ್ತು ಇದನ್ನ ಬರೀತಿದೀನಿ.

ಈ ಕ್ಯಾಂಪ್‌ಗಳು ಹೆಂಗ ಬಂದವು ಗೊತ್ತಾ? ತುಂಗಭದ್ರಾ ಡ್ಯಾಮ್ ಕೆಲಸ ಶುರುವಾಗಿದ್ದು 1945ರಲ್ಲಿ. 1953ರ ಹೊತ್ತಿಗೆ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆ ಬರುತ್ತೆ. ನಮ್ಮದು ಜೋಳ, ಹತ್ತಿ ಬೆಳೆಯೋ ಎರೆಹೊಲ. ಅದನ್ನ ಸಮ ಮಾಡಿ ಗದ್ದೆ ಮಾಡೋಕೆ ದುಡ್ಡು ಬೇಕು, ಭತ್ತದ ಅನುಭವ ಬೇಕು. ಕೃಷ್ಣಾ, ಗೋದಾವರಿ ಕಡೆಯ ರೈತರಿಗೆ ಎರಡೂ ಇತ್ತು. ಅಲ್ಲಿ ಹೊಲ ಮಾರಿ ಇಲ್ಲಿ ಕೊಂಡರು, ಗದ್ದೆ ಪಕ್ಕದಲ್ಲೇ ಮನೆ ಹಾಕಿದರು. ಎಪ್ಪತ್ತು ವರ್ಷ ಆದ್ರೂ ಹೆಸರು ಮಾತ್ರ "ಕ್ಯಾಂಪ್".

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅವತ್ತು ಕಡಿಮೆ ರೇಟಿಗೆ ಹೊಲ ಮಾರಿದ ಮನೆಗಳ ಮೊಮ್ಮಕ್ಕಳು ಇವತ್ತು ಅದೇ ಗದ್ದೆಗೆ ಕೂಲಿಗೆ ಹೋಗೋದೂ ಅದ. ಆ ನೋವು ಸುಳ್ಳಲ್ಲ. ಆದ್ರೆ ಅದನ್ನ ನನ್ನ ಕ್ಲಾಸ್‌ಮೇಟ್ ತಲೆಗೆ ಕಟ್ಟಿದ್ರೆ ಹೆಂಗ?

ಈಗ "ಇಲ್ಲಿಯವರು" ಅನ್ನೋ ನಮ್ಮ ಕಥೆ ಕೇಳಿ. ಕಾಲುವೆಗೆ ನೀರು ಬಂದಾಗ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರ್ 17ಕ್ಕೆ ಮುಗಿದಿತ್ತು, ಆದ್ರೆ ನಾವು ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ಕ್ಕೆ. ನಮ್ಮ ಮನೆಯ ಹಳೇ ಹೊಲದ ಕಾಗದ ಉರ್ದುವಿನಲ್ಲದ. ಮನೆಯಾಗ ಒಬ್ಬರಿಗೂ ಓದೋಕೆ ಬರಲ್ಲ!

ಮೊದಲ ಫೋಟೋ ನೋಡಿ. ರಾಯಚೂರು ಕೋಟೆ ಗೋಡೆಯ ಆ ಉದ್ದ ಕಲ್ಲು ಕಾಕತೀಯರ ಕಾಲದ್ದು, 1294ರದು. ಅದರ ಮೇಲಿರೋ ಶಾಸನ ತೆಲುಗಿನದು. ದಿನಾ ಬಸ್‌ಸ್ಟ್ಯಾಂಡಿಗೆ ಹೋಗ್ತಾ ಆ ಕೋಟೆ ನೋಡ್ತೀವಿ, ಅದನ್ನ "ಆಂಧ್ರದ್ದು" ಅಂತೀವಾ? ನಮ್ಮ ಕೋಟೆ ಅಂತೀವಿ.

ಇನ್ನು ನಮ್ಮ ಕಾಕಾ. ದೇವದುರ್ಗದಿಂದ ಗುಳೆ ಹೋಗಿ ಹತ್ತು ವರ್ಷ ಆಯ್ತು, ಬೆಂಗಳೂರಿನಾಗ ಬಿಲ್ಡಿಂಗ್ ಕೆಲಸ. ಅವರ ಮಗಳು ಶಾಲೆಯಾಗ "ಅದ" "ಹಂಗ" ಅಂದ್ರೆ ಹುಡುಗರು ನಗ್ತಾರಂತ. "ಯಾವೂರು ನಿಮ್ದು? ಅದೂ ಕನ್ನಡಾನಾ?" ಅಂತ ಕೇಳ್ತಾರಂತ. ಫೋನಿನಾಗ ಅವಳು ಅಳೋದು ಕೇಳಿದಾಗ ನನಗೆ ನೆನಪಾಗಿದ್ದು ಮಾನ್ವಿ ಗೆಳೆಯನ ಆ ನಗು. ನಾನು ಇಲ್ಲಿ ಕೇಳಿದ್ದೂ ಅದೇ ಪ್ರಶ್ನೆ ತಾನೇ?

ಮೊನ್ನೆ ಅವನಿಗೆ ಸಾರಿ ಕೇಳಿದೆ. "ನಮ್ಮ ತಾತ ಮಣ್ಣಾಗಿದ್ದು ಇಲ್ಲೇ, ನಾನು ಹುಟ್ಟಿದ್ದೂ ಇಲ್ಲೇ. ಎಸ್ಸೆಸ್ಸೆಲ್ಸಿ ಕನ್ನಡದಾಗ ನಿನಗಿಂತ ಎಂಟು ಮಾರ್ಕ್ಸ್ ಜಾಸ್ತಿ, ಮರೀಬ್ಯಾಡ" ಅಂದ. ಮಾರ್ಕ್ಸ್ ವಿಷಯದಾಗ ಅವ ಹೇಳಿದ್ದು ಖರೇ. ಏನು ಮಾತಾಡ್ಲಿ?

ಈ ಭಾನುವಾರ ಮನೆಗೆ ಹೋದಾಗ ನಿಮ್ಮ ಅಜ್ಜ-ಅಮ್ಮನ ಹತ್ರ ಒಂದೇ ಪ್ರಶ್ನೆ ಕೇಳಿ: ನಾವು ಈ ಊರಿಗೆ ಬಂದಿದ್ದು ಯಾವಾಗ, ಎಲ್ಲಿಂದ? ಸಿಕ್ಕ ಉತ್ತರ ಕಮೆಂಟಿನಾಗ ಬರೀರಿ. ಕ್ಯಾಂಪಿನವರು, ಊರಿನವರು, ಗುಳೆ ಹೋದವರು, ಎಲ್ಲರೂ.