ಹತ್ತಿಯ ಬೆಲೆಯೂ ಮುಂಬಯಿಯ ನೆಲವೂ

ನಗರದ ನೆಲ ಯಾವ ಕಾರ್ಯಕ್ಕೆ ಸಲ್ಲಬೇಕೆಂಬುದನ್ನು ಸರಕಾರದ ಅಪ್ಪಣೆಯೇ ನಿರ್ಧರಿಸುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮುಂಬಯಿಯ ಮಟ್ಟಿಗೆ ಇದು ಅರ್ಧಸತ್ಯ. ಇಲ್ಲಿನ ನೆಲವನ್ನು ಬಹುಕಾಲ ಆಳಿದುದು ಹತ್ತಿಯ ಬೆಲೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಲ್ಯಾಂಕಾಷೈರಿನ ಗಿರಣಿಗಳು ಅರಳೆಗಾಗಿ ಭಾರತದತ್ತ ತಿರುಗಿದುವು. ಧಾರವಾಡ ಸೀಮೆಯ ಹತ್ತಿಗೆ ಕಾರವಾರದ ಬಂದರು ಒದಗಲೆಂಬ ವರ್ತಕರ ಒತ್ತಾಯದ ನಡುವೆ, 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಗೆ ಹರಿದುಬಂದ ಹಣಕ್ಕೆ ದ್ವೀಪದ ನೆಲ ಸಾಲದಾಯಿತು. ಕಡಲನ್ನೇ ತುಂಬಿ ನೆಲಮಾಡುವ ಕಂಪನಿಗಳು ಹುಟ್ಟಿದುವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000ದವರೆಗೆ ಏರಿತೆಂದು ಪ್ರಸಿದ್ಧಿ. ಬ್ಯಾಂಕ್ ಆಫ್ ಬಾಂಬೆ ಷೇರುಗಳ ಆಧಾರದ ಮೇಲೆ ಧಾರಾಳವಾಗಿ ಸಾಲ ಕೊಟ್ಟಿತು. ಅಂದರೆ ಇನ್ನೂ ನೀರಿನಡಿಯಿದ್ದ ನೆಲವೂ ಒತ್ತೆಯಾಯಿತು. 1865ರಲ್ಲಿ ಯುದ್ಧ ಮುಗಿದು ಬೆಲೆ ಬಿದ್ದಿತು. ಜುಲೈ 1ರ ವಾಯಿದೆಯ ದಿನ ಪೇಟೆ ಕುಸಿಯಿತು. 1868ರಲ್ಲಿ ಆ ಬ್ಯಾಂಕೇ ಮುಚ್ಚಿತು. ಲೆಕ್ಕದ ಪುಸ್ತಕದಲ್ಲಿ ಹಣ ಅಳಿಯಿತು. ತುಂಬಿದ ನೆಲ ಮಾತ್ರ ಉಳಿಯಿತು.

ಹತ್ತಿಯ ಎರಡನೆಯ ಆಳಿಕೆ ಗಿರಣಿಗಳದು. 1850ರ ದಶಕದಲ್ಲಿ ತಾಡದೇವದಲ್ಲಿ ಮೊದಲ ಗಿರಣಿ ಎದ್ದಿತು. ಕೋಟೆಯೊಳಗಿನ ನೆಲ ದುಬಾರಿಯಾದುದರಿಂದ ಮುಂದಿನವು ಪರೇಲ, ಲಾಲಬಾಗ, ವರಳಿಗಳತ್ತ ಸರಿದುವು. ಸಿಳ್ಳಿನ ಹೊತ್ತಿಗೆ ನಡೆದು ತಲಪಬೇಕಾದ ಕಾರ್ಮಿಕರಿಗಾಗಿ ಅವುಗಳ ಮಗ್ಗುಲಲ್ಲೇ ಚಾಳುಗಳು ದಟ್ಟೈಸಿದುವು. ‘ಗಿರಣಗಾಂವ್’ ಎಂಬ ಹೆಸರು ಹೀಗೆ ಬಂದುದು.

1982ರ ಜನವರಿ 18ರಂದು ಆರಂಭವಾದ ಮುಷ್ಕರದ ಬಳಿಕ ಅನೇಕ ಗಿರಣಿಗಳು ಮತ್ತೆ ಚೇತರಿಸಲಿಲ್ಲ. ನೂಲಿಗಿಂತ ನೆಲವೇ ಬೆಲೆಬಾಳುವುದಾಯಿತು. 1991ರ ನಿಯಮವು ಗಿರಣಿಯ ನೆಲವನ್ನು ಸ್ಥೂಲವಾಗಿ ಮೂರು ಪಾಲುಮಾಡಿತ್ತು: ನಗರದ ಬಯಲಿಗೊಂದು, ಸಾರ್ವಜನಿಕ ವಸತಿಗೊಂದು, ಒಡೆಯರಿಗೊಂದು. 2001ರ ತಿದ್ದುಪಡಿಯು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಹಂಚಿಕೆಯೆಂದಿತು. ಗಿರಣಿಯ ಆವರಣದಲ್ಲಿ ಖಾಲಿ ನೆಲವೆಷ್ಟು? ಮೊದಲೆರಡು ಪಾಲುಗಳು ಕುಗ್ಗಿದುವು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಬೆಲೆ ನೆಲವನ್ನು ರೂಪಿಸುವುದು ಅನಿವಾರ್ಯವಿರಬಹುದು. ಆದರೆ ಆ ರೂಪದಲ್ಲಿ ಯಾರ ಪಾಲೆಷ್ಟೆಂಬುದನ್ನು ಬೆಲೆಯೊಂದೇ ನಿರ್ಧರಿಸುವುದಿಲ್ಲ. ನಿಯಮದ ಒಂದು ಶಬ್ದವೂ ನಿರ್ಧರಿಸುತ್ತದೆ. 1865ರ ನಷ್ಟ ಷೇರುದಾರರದು, ಠೇವಣಿದಾರರದು. 2001ರ ನಷ್ಟ ಚಾಳಿನವರದು. ಅದನ್ನು ಬರೆದಿಡಲು ಯಾವ ಲೆಕ್ಕದ ಪುಸ್ತಕವೂ ಇರಲಿಲ್ಲ.